ಘಟ್ಟ ಮಾರ್ಗಗಳಲ್ಲಿ ಮೋಟಾರ್ ಸೈಕಲ್ ಪ್ರವಾಸ: ಯೋಜನೆ, ದಾಖಲೆಗಳು ಮತ್ತು ಸುರಕ್ಷತೆ ಕುರಿತು ಸಾರ್ವಜನಿಕ ಮಾಹಿತಿ

ರಾಜ್ಯದ ಮಲೆನಾಡು ಹಾಗೂ ಪಶ್ಚಿಮ ಘಟ್ಟ ಪ್ರದೇಶಗಳಿಗೆ ಮೋಟಾರ್ ಸೈಕಲ್‌ಗಳಲ್ಲಿ ಪ್ರವಾಸ ಕೈಗೊಳ್ಳುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಪ್ರಯಾಣದ ಕಾಲ ಮತ್ತು ಮಾರ್ಗದ ಆಯ್ಕೆ, ಹೊಂದಿರಬೇಕಾದ ದಾಖಲೆಗಳು, ವಿಮೆಯ ವ್ಯಾಪ್ತಿ, ಘಟ್ಟದ ಇಳಿಜಾರಿನಲ್ಲಿ ಚಾಲನೆಯ ಕ್ರಮ ಹಾಗೂ ಅಪಘಾತ ಸಂಭವಿಸಿದಲ್ಲಿ ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

1. ಘಟ್ಟ ಮಾರ್ಗಗಳ ಸ್ವರೂಪ

ಪಶ್ಚಿಮ ಘಟ್ಟಗಳು ಪೂರ್ವದಿಕ್ಕಿಗೆ ನಿಧಾನವಾಗಿ ಇಳಿಯುತ್ತವೆ. ಪಶ್ಚಿಮಕ್ಕೆ, ಅಂದರೆ ಕರಾವಳಿಯ ಕಡೆಗೆ, ಕಡಿದಾಗಿ ಇಳಿಯುತ್ತವೆ. ಆದ್ದರಿಂದ ಚಿಕ್ಕಮಗಳೂರು, ಹಾಸನ ಅಥವಾ ಶಿವಮೊಗ್ಗದ ಕಡೆಯಿಂದ ಹೊರಟ ಸವಾರರಿಗೆ ರಸ್ತೆಯು ಬಹುದೂರದವರೆಗೆ ಸುಗಮವಾಗಿಯೇ ಕಂಡು, ಘಟ್ಟದ ಅಂಚಿನಲ್ಲಿ ಏಕಾಏಕಿ ಇಳಿಜಾರು ಹಾಗೂ ತಿರುವುಗಳು ಎದುರಾಗುತ್ತವೆ. ಪ್ರವಾಸಿಗರು ಹೆಚ್ಚಾಗಿ ಬಳಸುವ ಕೆಲವು ಮಾರ್ಗಗಳು ಈ ಕೆಳಗಿನಂತಿವೆ.

(ಅ) ಆಗುಂಬೆ ಘಟ್ಟ: ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮೂಲಕ ಉಡುಪಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 169ಎ. ಆಗುಂಬೆಯಿಂದ ಸೋಮೇಶ್ವರದವರೆಗೆ 14 ಹೇರ್‌ಪಿನ್ ತಿರುವುಗಳಿವೆ. ರಸ್ತೆಯು ಕಿರಿದಾಗಿದ್ದು, ತಿರುವುಗಳಲ್ಲಿ ಎದುರಿನ ವಾಹನವು ಹತ್ತಿರ ಬರುವವರೆಗೂ ಕಾಣಿಸುವುದಿಲ್ಲ.

(ಆ) ಚಾರ್ಮಾಡಿ ಘಟ್ಟ: ಮೂಡಿಗೆರೆ, ಕೊಟ್ಟಿಗೆಹಾರ ಮೂಲಕ ಬೆಳ್ತಂಗಡಿಯ ಕಡೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 73. ಮಂಜು ಕವಿಯುವುದು ಇಲ್ಲಿ ಸಾಮಾನ್ಯ.

(ಇ) ಶಿರಾಡಿ ಘಟ್ಟ: ಸಕಲೇಶಪುರದಿಂದ ಗುಂಡ್ಯದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 75. ಬೆಂಗಳೂರು ಮತ್ತು ಮಂಗಳೂರು ನಡುವಿನ ಲಾರಿ, ಟ್ಯಾಂಕರ್ ಹಾಗೂ ಬಸ್ಸುಗಳ ಸಂಚಾರ ಅಧಿಕವಾಗಿರುವುದರಿಂದ ವಿಹಾರದ ಉದ್ದೇಶಕ್ಕೆ ಈ ಮಾರ್ಗವು ಅಷ್ಟು ಸೂಕ್ತವಲ್ಲ.

(ಈ) ಕುದುರೆಮುಖ ಮಾರ್ಗ: ಕಳಸದಿಂದ ಕುದುರೆಮುಖ, ಎಸ್.ಕೆ. ಬಾರ್ಡರ್, ಮಾಳ ಮೂಲಕ ಕಾರ್ಕಳಕ್ಕೆ ಸಾಗುವ ರಸ್ತೆ. ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೂಲಕ ಹಾದುಹೋಗುತ್ತದೆ. ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆಯು 2005ರ ಡಿಸೆಂಬರ್ ಅಂತ್ಯಕ್ಕೆ ಸ್ಥಗಿತಗೊಂಡ ತರುವಾಯ ಜನವಸತಿಯು ಬಹುವಾಗಿ ಕಡಿಮೆಯಾಗಿದೆ. ವಾಹನ ಕೆಟ್ಟು ನಿಂತಲ್ಲಿ ತಕ್ಷಣ ನೆರವು ದೊರೆಯುವುದೆಂದು ಭಾವಿಸತಕ್ಕದ್ದಲ್ಲ.

2. ಪ್ರಯಾಣಕ್ಕೆ ಸೂಕ್ತ ಕಾಲ

ಅಕ್ಟೋಬರ್ ಮಧ್ಯಭಾಗದಿಂದ ಫೆಬ್ರವರಿಯವರೆಗಿನ ಅವಧಿಯು ಸೂಕ್ತವಾಗಿರುತ್ತದೆ. ಮಳೆ ನಿಂತ ಹೊಸತರಲ್ಲಿ ಬೆಟ್ಟಗಳು ಹಸಿರಾಗಿದ್ದು, ಹಳ್ಳಕೊಳ್ಳಗಳಲ್ಲಿ ನೀರಿರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಲಪಾತಗಳ ಸೊಬಗು ಅಧಿಕವಾಗಿದ್ದರೂ ಅಪಾಯವೂ ಅಷ್ಟೇ ಅಧಿಕವಾಗಿರುತ್ತದೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗೂ ಹೆಚ್ಚು. ಸತತ ಮಳೆಯಿಂದ ನೆನೆದ ಮಣ್ಣು ಮುನ್ಸೂಚನೆಯಿಲ್ಲದೆ ಕುಸಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ ಬಳಿ ಭೂಕುಸಿತವಾಗಿ ಮಡಿಕೇರಿ ಮತ್ತು ಸಂಪಾಜೆ ನಡುವಿನ ಸಂಪರ್ಕ ಕಡಿದುಹೋಯಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಟ್ಟದಲ್ಲಿ ಹಲವೆಡೆ ಗುಡ್ಡ ಜರಿದು ಸಂಚಾರವನ್ನು ದೀರ್ಘಕಾಲ ನಿರ್ಬಂಧಿಸಬೇಕಾಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ ಗುಡ್ಡ ಕುಸಿದು ಜೀವಹಾನಿ ಸಂಭವಿಸಿತು. ಆದಕಾರಣ ಹವಾಮಾನ ಇಲಾಖೆಯು ರೆಡ್ ಅಥವಾ ಆರೆಂಜ್ ಅಲರ್ಟ್ ಘೋಷಿಸಿರುವ ದಿನಗಳಲ್ಲಿ ಪ್ರವಾಸವನ್ನು ಮುಂದೂಡತಕ್ಕದ್ದು. ರಸ್ತೆ ಬಂದ್ ಕುರಿತು ಜಿಲ್ಲಾಧಿಕಾರಿಗಳು ಹೊರಡಿಸುವ ಆದೇಶಗಳನ್ನು ಹೊರಡುವ ಹಿಂದಿನ ದಿನ ಹಾಗೂ ಅದೇ ದಿನ ಬೆಳಿಗ್ಗೆ ಪರಿಶೀಲಿಸುವುದು ಅವಶ್ಯ.

3. ದಿನದ ಲೆಕ್ಕಾಚಾರ

ಘಟ್ಟದ ಪ್ರವಾಸದಲ್ಲಿ ಸವಾರರು ಮಾಡುವ ಸಾಮಾನ್ಯ ತಪ್ಪೆಂದರೆ ದೂರವನ್ನು ಕಿಲೋಮೀಟರುಗಳಲ್ಲಿ ಮಾತ್ರ ಲೆಕ್ಕ ಹಾಕುವುದು. ಬಯಲುಸೀಮೆಯ ಹೆದ್ದಾರಿಯಲ್ಲಿ ಒಂದು ಗಂಟೆಗೆ ಕ್ರಮಿಸುವ ದೂರಕ್ಕೆ ಘಟ್ಟದಲ್ಲಿ ಎರಡು ಗಂಟೆ ಬೇಕಾಗಬಹುದು. ಚಳಿಗಾಲದಲ್ಲಿ ಸಂಜೆ ಆರು ಗಂಟೆಯ ಸುಮಾರಿಗೆ ಸೂರ್ಯಾಸ್ತವಾಗುತ್ತದೆ; ದಟ್ಟ ಕಾಡಿನ ಕಣಿವೆಗಳಲ್ಲಿ ಅದಕ್ಕೂ ಮೊದಲೇ ಕತ್ತಲಾವರಿಸುತ್ತದೆ. ಆದ್ದರಿಂದ ಹಗಲಿನ ಗಂಟೆಗಳನ್ನು ಮೊದಲು ಎಣಿಸಿ, ಸಂಜೆ ನಾಲ್ಕು ಗಂಟೆಯೊಳಗೆ ಘಟ್ಟವನ್ನು ದಾಟುವಂತೆ ಯೋಜಿಸಿ, ಅದಕ್ಕೆ ಅನುಗುಣವಾಗಿ ದೂರವನ್ನು ನಿಗದಿಪಡಿಸತಕ್ಕದ್ದು.

ಮಾದರಿಯಾಗಿ ಮೂರು ದಿನಗಳ ಒಂದು ಸುತ್ತುಮಾರ್ಗವನ್ನು ಇಲ್ಲಿ ಸೂಚಿಸಲಾಗಿದೆ.

ಮೊದಲನೆಯ ದಿನ: ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಕುದುರೆಮುಖ, ಕಾರ್ಕಳ, ಉಡುಪಿ. ದೂರ ಸುಮಾರು 190 ಕಿ.ಮೀ. ಬೆಳಿಗ್ಗೆ ಆರೂವರೆಗೆ ಹೊರಟು, ಕಳಸದಲ್ಲಿ ಇಂಧನ ತುಂಬಿಸಿಕೊಂಡು, ಮಧ್ಯಾಹ್ನದ ಬೆಳಕಿನಲ್ಲಿಯೇ ಕಾರ್ಕಳದ ಕಡೆಗೆ ಇಳಿಯತಕ್ಕದ್ದು.

ಎರಡನೆಯ ದಿನ: ಉಡುಪಿ, ಹೆಬ್ರಿ, ಸೋಮೇಶ್ವರ, ಆಗುಂಬೆ. ದೂರ ಸುಮಾರು 55 ಕಿ.ಮೀ. ಮಾತ್ರ. ಆಗುಂಬೆಯ ಸೂರ್ಯಾಸ್ತ ವೀಕ್ಷಿಸಲು ಇಚ್ಛಿಸುವವರು ಅಂದು ಅಲ್ಲಿಯೇ ವಾಸ್ತವ್ಯಕ್ಕೆ ಮುಂಗಡ ವ್ಯವಸ್ಥೆ ಮಾಡಿಕೊಳ್ಳುವುದು ಉಚಿತ. ಸೂರ್ಯಾಸ್ತ ನೋಡಿ ಅದೇ ರಾತ್ರಿ ಘಟ್ಟ ಇಳಿಯುವುದು ಸೂಕ್ತವಲ್ಲ.

ಮೂರನೆಯ ದಿನ: ಆಗುಂಬೆ, ಶೃಂಗೇರಿ, ಬಾಳೆಹೊನ್ನೂರು, ಚಿಕ್ಕಮಗಳೂರು. ಕಾಫಿ ತೋಟಗಳ ನಡುವಿನ ಈ ರಸ್ತೆಯಲ್ಲಿ ಕೊಯ್ಲಿನ ಕಾಲದಲ್ಲಿ ಕಾರ್ಮಿಕರನ್ನು ಕರೆತರುವ ಜೀಪುಗಳ ಹಾಗೂ ಟ್ರ್ಯಾಕ್ಟರ್‌ಗಳ ಓಡಾಟ ಹೆಚ್ಚಿರುತ್ತದೆ.

ಈ ಯೋಜನೆಯಲ್ಲಿ ಘಟ್ಟವನ್ನು ಒಮ್ಮೆ ಇಳಿಯುವುದು, ಒಮ್ಮೆ ಏರುವುದು ಮಾತ್ರ ಇರುತ್ತದೆ. ಒಂದೇ ದಿನದಲ್ಲಿ ಎರಡು ಘಟ್ಟಗಳನ್ನು ಸೇರಿಸುವುದರಿಂದ ದಣಿವು ಹೆಚ್ಚಿ, ದಿನದ ಕೊನೆಯ ತಿರುವುಗಳಲ್ಲಿ ಗಮನ ತಪ್ಪುತ್ತದೆ.

4. ಹೊಂದಿರಬೇಕಾದ ದಾಖಲೆಗಳು

(ಅ) ಚಾಲನಾ ಅನುಜ್ಞಾ ಪತ್ರ: ಗೇರ್ ಸಹಿತ ಮೋಟಾರ್ ಸೈಕಲ್ ವರ್ಗಕ್ಕೆ ನೀಡಿರುವುದಾಗಿರಬೇಕು. ಗೇರ್ ರಹಿತ ವರ್ಗದ ಅನುಜ್ಞಾ ಪತ್ರದ ಮೇಲೆ ಗೇರ್ ಇರುವ ವಾಹನ ಚಲಾಯಿಸುವಂತಿಲ್ಲ. ಅವಧಿ ಮುಗಿದ ನಂತರ 30 ದಿನಗಳವರೆಗೆ ಚಾಲ್ತಿಯಲ್ಲಿರುತ್ತಿದ್ದ ರಿಯಾಯಿತಿಯನ್ನು 2019ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿರುವುದರಿಂದ, ಪ್ರವಾಸಕ್ಕೆ ಮುನ್ನವೇ ದಿನಾಂಕವನ್ನು ಪರಿಶೀಲಿಸತಕ್ಕದ್ದು.

(ಆ) ನೋಂದಣಿ ಪ್ರಮಾಣಪತ್ರ: ಖಾಸಗಿ ದ್ವಿಚಕ್ರ ವಾಹನದ ನೋಂದಣಿಯು 15 ವರ್ಷಗಳವರೆಗೆ ಚಾಲ್ತಿಯಲ್ಲಿರುತ್ತದೆ. ಹಳೆಯ ಮಾದರಿಯ ವಾಹನ ಹೊಂದಿರುವವರು ನವೀಕರಣವಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು.

(ಇ) ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರ ಮತ್ತು ವಿಮಾ ಪ್ರಮಾಣಪತ್ರ: ಎರಡೂ ಪ್ರವಾಸದ ಕೊನೆಯ ದಿನದವರೆಗೆ ಚಾಲ್ತಿಯಲ್ಲಿರಬೇಕು.

ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ತೋರಿಸುವ ದಾಖಲೆಗಳಿಗೆ ಮಾನ್ಯತೆ ಇದೆ. ಆದರೆ ಘಟ್ಟಗಳಲ್ಲಿ ಮೊಬೈಲ್ ಸಂಪರ್ಕ ಸಿಗದ ಸ್ಥಳಗಳು ಅನೇಕವಿರುವುದರಿಂದ ಮೂಲ ದಾಖಲೆಗಳನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಇರಿಸಿಕೊಳ್ಳುವುದು ಒಳಿತು.

5. ವಿಮೆ: ವಿಶೇಷ ಗಮನಕ್ಕೆ

ಪಾಲಿಸಿ ಇದೆ ಎಂಬುದು ಬೇರೆ; ಯಾರಿಗೆ, ಯಾವ ನಷ್ಟಕ್ಕೆ ರಕ್ಷಣೆ ಇದೆ ಎಂಬುದು ಬೇರೆ. ಈ ಕೆಳಗಿನ ನಾಲ್ಕು ಅಂಶಗಳನ್ನು ಪಾಲಿಸಿಯಲ್ಲಿ ಓದಿ ನೋಡತಕ್ಕದ್ದು.

(ಅ) 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷಗಳ ತೃತೀಯ ಪಕ್ಷ ವಿಮೆ ಕಡ್ಡಾಯವಾಗಿದೆ. ಆದರೆ ವಾಹನಕ್ಕೆ ಆಗುವ ಸ್ವಂತ ಹಾನಿಯ ವಿಮೆಯು ಒಂದೇ ವರ್ಷಕ್ಕೆ ಮುಗಿದಿರುವ ಸಂಭವವಿರುತ್ತದೆ. ಐದು ವರ್ಷದ ದಿನಾಂಕವನ್ನಷ್ಟೇ ನೋಡಿ ಎಲ್ಲವೂ ಚಾಲ್ತಿಯಲ್ಲಿದೆ ಎಂದು ಭಾವಿಸಬಾರದು.

(ಆ) ಹಿಂಬದಿ ಸವಾರರು: ಶಾಸನಬದ್ಧ ಹೊಣೆಗಾರಿಕೆಗೆ ಮಾತ್ರ ಸೀಮಿತವಾದ ಪಾಲಿಸಿಯು ಹಿಂಬದಿ ಸವಾರರಿಗೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ತೀರ್ಪು ನೀಡಿತು. ಸಮಗ್ರ ಪಾಲಿಸಿಯಲ್ಲಿ ಹಿಂಬದಿ ಸವಾರರಿಗೂ ರಕ್ಷಣೆ ಇರುವುದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2009ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಪತ್ನಿ, ಮಕ್ಕಳು ಅಥವಾ ಸ್ನೇಹಿತರನ್ನು ಹಿಂದೆ ಕೂರಿಸಿಕೊಂಡು ಹೋಗುವವರು ಸಮಗ್ರ ಪಾಲಿಸಿ ಪಡೆಯುವುದು ಅತ್ಯವಶ್ಯ. ಪ್ರೀಮಿಯಂನಲ್ಲಿ ಉಳಿಸಿದ ಅಲ್ಪ ಮೊತ್ತವು ಅಪಘಾತದ ನಂತರ ಇಡೀ ಕುಟುಂಬಕ್ಕೆ ಭಾರವಾಗಬಲ್ಲದು.

(ಇ) ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ: ಇದರ ಮೊತ್ತ 15 ಲಕ್ಷ ರೂಪಾಯಿ. ಚಾಲನಾ ಅನುಜ್ಞಾ ಪತ್ರವು ಚಾಲ್ತಿಯಲ್ಲಿದ್ದರೆ ಮಾತ್ರ ಇದು ಅನ್ವಯಿಸುತ್ತದೆ.

(ಈ) ಎರವಲು ವಾಹನ: ಸ್ನೇಹಿತರ ವಾಹನವನ್ನು ಪಡೆದು ಚಲಾಯಿಸುವವರಿಗೆ ಮಾಲೀಕರ ಹೆಸರಿನ ವೈಯಕ್ತಿಕ ಅಪಘಾತ ವಿಮೆಯು ತಾನಾಗಿಯೇ ಅನ್ವಯವಾಗುವುದಿಲ್ಲ. ಅಂತಹವರು ಪ್ರತ್ಯೇಕ ಅಪಘಾತ ವಿಮೆ ಹೊಂದಿರುವುದು ಸೂಕ್ತ.

ಬಾಡಿಗೆ ಮೋಟಾರ್ ಸೈಕಲ್ ಪಡೆಯುವವರು ಪರವಾನಗಿ ಹೊಂದಿದ ಸಂಸ್ಥೆಯಿಂದಲೇ ಪಡೆಯತಕ್ಕದ್ದು. ಅಂತಹ ವಾಹನದ ನೋಂದಣಿ ಫಲಕವು ಕಪ್ಪು ಹಿನ್ನೆಲೆಯಲ್ಲಿ ಹಳದಿ ಅಕ್ಷರಗಳನ್ನು ಹೊಂದಿರುತ್ತದೆ. ಬಿಳಿ ಫಲಕದ ಖಾಸಗಿ ವಾಹನವನ್ನು ಬಾಡಿಗೆಗೆ ಪಡೆದಲ್ಲಿ ವಿಮಾ ಪರಿಹಾರವು ನಿರಾಕರಣೆಯಾಗುವ ಸಂಭವವಿರುತ್ತದೆ.

6. ವಾಹನದ ಸಿದ್ಧತೆ

ಹೊರಡುವ ಒಂದು ವಾರ ಮೊದಲೇ ಸರ್ವೀಸ್ ಮಾಡಿಸಿ, ನಗರದಲ್ಲಿ ಒಂದೆರಡು ದಿನ ಓಡಿಸಿ ನೋಡತಕ್ಕದ್ದು. ಬ್ರೇಕ್ ಪ್ಯಾಡ್ ಹಾಗೂ ಬ್ರೇಕ್ ಲೈನರ್‌ಗಳ ಸವೆತ, ಬ್ರೇಕ್ ಆಯಿಲ್‌ನ ಮಟ್ಟ, ಚೈನಿನ ಬಿಗಿತ, ಕ್ಲಚ್ ಕೇಬಲ್ ಮತ್ತು ಎಲ್ಲಾ ದೀಪಗಳನ್ನು ಪರಿಶೀಲಿಸಬೇಕು. ಟೈರಿನ ಗೆರೆಗಳ ನಡುವೆ ಇರುವ ಸವೆತ ಸೂಚಕ ಉಬ್ಬಿನ ಮಟ್ಟಕ್ಕೆ ಟೈರು ಸವೆದಿದ್ದಲ್ಲಿ ಬದಲಾಯಿಸತಕ್ಕದ್ದು. ಪಂಕ್ಚರ್ ಕಿಟ್, ಹೆಚ್ಚುವರಿ ಕ್ಲಚ್ ಕೇಬಲ್, ಟಾರ್ಚ್, ಮಳೆ ಕೋಟು ಹಾಗೂ ಪ್ರಥಮ ಚಿಕಿತ್ಸಾ ಪೆಟ್ಟಿಗೆಯನ್ನು ಜೊತೆಗಿರಿಸಿಕೊಳ್ಳಬೇಕು. ಭಾರವಾದ ವಸ್ತುಗಳನ್ನು ಕೆಳಗೆ, ಎರಡೂ ಬದಿಗೆ ಸಮನಾಗಿ ಕಟ್ಟತಕ್ಕದ್ದು.

ಸವಾರರು ಮತ್ತು ಹಿಂಬದಿ ಸವಾರರು ಇಬ್ಬರೂ ಐ.ಎಸ್.ಐ. ಗುರುತಿನ ಹೆಲ್ಮೆಟ್ ಧರಿಸಿ ಪಟ್ಟಿಯನ್ನು ಬಿಗಿಯುವುದು ಕಡ್ಡಾಯ.

7. ಇಳಿಜಾರಿನಲ್ಲಿ ಚಾಲನೆ

ಘಟ್ಟ ಇಳಿಯುವಾಗ ಬ್ರೇಕನ್ನು ಒತ್ತಿ ಹಿಡಿದೇ ಸಾಗಿದರೆ ಅದು ಅತಿಯಾಗಿ ಬಿಸಿಯಾಗಿ ಹಿಡಿತವನ್ನು ಕಳೆದುಕೊಳ್ಳುತ್ತದೆ. ಬಿಸಿಯ ಕಾರಣ ಬ್ರೇಕ್ ಆಯಿಲ್ ಕುದಿದಲ್ಲಿ ಲಿವರ್ ಸಡಿಲಗೊಂಡು ಬ್ರೇಕ್ ನಿಷ್ಫಲವಾಗಬಹುದು. ಇದನ್ನು ತಪ್ಪಿಸಲು ಇಳಿಜಾರು ಆರಂಭವಾಗುವ ಮೊದಲೇ ಎರಡನೆಯ ಅಥವಾ ಮೂರನೆಯ ಗೇರಿಗೆ ಇಳಿಸಿ, ಎಂಜಿನ್ನಿನ ಹಿಡಿತದಲ್ಲಿಯೇ ವಾಹನವು ಇಳಿಯುವಂತೆ ನೋಡಿಕೊಳ್ಳತಕ್ಕದ್ದು. ಏರಲು ಬೇಕಾಗುವ ಗೇರಿನಲ್ಲಿಯೇ ಇಳಿಯಬೇಕೆಂಬುದು ಸುಲಭವಾಗಿ ನೆನಪಿಡಬಹುದಾದ ನಿಯಮ. ಪೆಟ್ರೋಲ್ ಉಳಿಸುವ ಸಲುವಾಗಿ ಎಂಜಿನ್ ಬಂದ್ ಮಾಡಿ ಅಥವಾ ನ್ಯೂಟ್ರಲ್‌ನಲ್ಲಿ ಇಳಿಯುವುದು ಪ್ರಾಣಾಪಾಯಕಾರಿ.

ತಿರುವಿಗೆ ಮುನ್ನವೇ, ವಾಹನವು ನೇರವಾಗಿರುವಾಗ ವೇಗ ತಗ್ಗಿಸತಕ್ಕದ್ದು; ವಾಲಿದ ಸ್ಥಿತಿಯಲ್ಲಿ ಮುಂದಿನ ಬ್ರೇಕನ್ನು ಹಠಾತ್ತನೆ ಹಿಡಿದರೆ ಚಕ್ರ ಜಾರುತ್ತದೆ. ಎ.ಬಿ.ಎಸ್. ವ್ಯವಸ್ಥೆಯು ಚಕ್ರ ಲಾಕ್ ಆಗುವುದನ್ನು ತಡೆಯುತ್ತದೆಯೇ ಹೊರತು, ಅತಿವೇಗದಿಂದಾಗುವ ಅಪಾಯವನ್ನು ನಿವಾರಿಸಲಾರದು. ತಿರುವುಗಳಲ್ಲಿ ಹಾರ್ನ್ ಮಾಡಿ, ತಮ್ಮ ಎಡಬದಿಯಲ್ಲಿಯೇ ಸಾಗಬೇಕು. ಉದ್ದದ ಬಸ್ಸುಗಳು ತಿರುಗಲು ಪೂರ್ಣ ರಸ್ತೆಯನ್ನು ಬಳಸಬೇಕಾಗುವುದರಿಂದ ಅವುಗಳಿಗೆ ನಿಂತು ದಾರಿ ಬಿಡತಕ್ಕದ್ದು. ಎರಡು ವಾಹನಗಳು ಏಕಕಾಲಕ್ಕೆ ದಾಟಲಾಗದಷ್ಟು ಕಿರಿದಾದ ರಸ್ತೆಯಲ್ಲಿ ಏರುತ್ತಿರುವ ವಾಹನಕ್ಕೆ ಆದ್ಯತೆ ಇರುತ್ತದೆ.

ಗುಂಪಿನಲ್ಲಿ ಹೋಗುವವರು ಪರಸ್ಪರ ಸ್ಪರ್ಧಿಸಬಾರದು. ಕಡಿಮೆ ಅನುಭವವುಳ್ಳವರನ್ನು ಎರಡನೆಯವರಾಗಿ ಇರಿಸಿ, ಅವರ ವೇಗಕ್ಕೆ ಉಳಿದವರು ಹೊಂದಿಕೊಳ್ಳತಕ್ಕದ್ದು.

8. ಅರಣ್ಯ ಪ್ರದೇಶ ಮತ್ತು ಆರೋಗ್ಯ

ರಾಷ್ಟ್ರೀಯ ಉದ್ಯಾನಗಳ ಮೂಲಕ ಸಾಗುವಾಗ ತಪಾಸಣಾ ಠಾಣೆಗಳಲ್ಲಿ ಸಿಬ್ಬಂದಿಯೊಂದಿಗೆ ಸಹಕರಿಸತಕ್ಕದ್ದು. ದಾರಿಯಲ್ಲಿ ನಿಲ್ಲುವುದು, ಪ್ರಾಣಿಗಳಿಗೆ ಆಹಾರ ನೀಡುವುದು, ಬೆಂಕಿ ಹಚ್ಚುವುದು ನಿಷಿದ್ಧ. ಬಂಡೀಪುರದ ಮೂಲಕ ನೀಲಗಿರಿ ಅಥವಾ ವಯನಾಡಿಗೆ ತೆರಳುವವರು, ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿರುವುದನ್ನು ಗಮನಿಸಬೇಕು. ನೀಲಗಿರಿ ಜಿಲ್ಲೆ ಪ್ರವೇಶಕ್ಕೆ 2024ರ ಮೇ 7ರಿಂದ ಇ-ಪಾಸ್ ವ್ಯವಸ್ಥೆ ಜಾರಿಗೆ ಬಂದಿದೆ.

ಮಳೆಗಾಲದಲ್ಲಿ ಇಂಬಳಗಳ ಕಾಟವಿರುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಉಣ್ಣೆಗಳ ಮೂಲಕ ಮಂಗನ ಕಾಯಿಲೆ ಹರಡುವ ಸಂಭವವಿರುವುದರಿಂದ, ಕಾಡಿನ ತರಗೆಲೆಗಳ ಮೇಲೆ ಕೂರುವುದು, ಮಲಗುವುದು ಬೇಡ. ಪ್ರವಾಸದ ನಂತರ ಜ್ವರ ಬಂದಲ್ಲಿ, ಹೋಗಿ ಬಂದ ಸ್ಥಳಗಳ ವಿವರವನ್ನು ವೈದ್ಯರಿಗೆ ತಿಳಿಸತಕ್ಕದ್ದು.

9. ಅಪಘಾತ ಸಂಭವಿಸಿದಲ್ಲಿ

ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಂಖ್ಯೆಗೆ ಕರೆ ಮಾಡಬಹುದು. ಸಂಪರ್ಕ ಸಿಗದಿದ್ದಲ್ಲಿ ಎದುರಿನಿಂದ ಬರುವ ಬಸ್ಸಿನ ನಿರ್ವಾಹಕರ ಮೂಲಕ ಮುಂದಿನ ಊರಿಗೆ ಸುದ್ದಿ ಮುಟ್ಟಿಸುವುದು ಉಪಯುಕ್ತ. ಗಾಯಾಳುವಿಗೆ ಸದುದ್ದೇಶದಿಂದ ನೆರವಾಗುವವರಿಗೆ ಮೋಟಾರು ವಾಹನಗಳ ಕಾಯ್ದೆಯ 134ಎ ಪ್ರಕರಣದಡಿ ಕಾನೂನಿನ ರಕ್ಷಣೆ ಇದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರ ಸರ್ಕಾರದ ಯೋಜನೆಯನ್ವಯ, ಮೋಟಾರು ವಾಹನ ಅಪಘಾತದ ಗಾಯಾಳುಗಳು ನಿಯೋಜಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ನಗದುರಹಿತವಾಗಿ ಪಡೆಯಲು ಅರ್ಹರಾಗಿರುತ್ತಾರೆ. ಪೊಲೀಸರಿಗೆ ಹಾಗೂ ವಿಮಾ ಸಂಸ್ಥೆಗೆ ವಿಳಂಬವಿಲ್ಲದೆ ಮಾಹಿತಿ ನೀಡತಕ್ಕದ್ದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಲಿಕಾ ಅನುಜ್ಞಾ ಪತ್ರದ ಮೇಲೆ ಪ್ರವಾಸ ಹೋಗಬಹುದೇ?
ಉತ್ತರ: ಕಲಿಕಾ ಅನುಜ್ಞಾ ಪತ್ರವು ಚಾಲನೆ ಕಲಿಯುವ ಉದ್ದೇಶಕ್ಕೆ ಮಾತ್ರ. ಬೋಧಕರ ಹೊರತು ಬೇರೆಯವರನ್ನು ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಘಟ್ಟ ಪ್ರವಾಸಕ್ಕೆ ಇದು ಸೂಕ್ತವಲ್ಲ.

ಪ್ರಶ್ನೆ: ಬೇರೆ ರಾಜ್ಯದಲ್ಲಿ ನೋಂದಣಿಯಾದ ವಾಹನದಲ್ಲಿ ಬರುವವರು ಇಲ್ಲಿ ಮರುನೋಂದಣಿ ಮಾಡಿಸಬೇಕೇ?
ಉತ್ತರ: ಅಲ್ಪಾವಧಿಯ ಪ್ರವಾಸಕ್ಕೆ ಅಗತ್ಯವಿಲ್ಲ. 12 ತಿಂಗಳಿಗೂ ಹೆಚ್ಚು ಕಾಲ ವಾಹನವನ್ನು ರಾಜ್ಯದಲ್ಲಿ ಇರಿಸಿಕೊಳ್ಳುವಾಗ ಈ ನಿಯಮ ಅನ್ವಯಿಸುತ್ತದೆ.

ಪ್ರಶ್ನೆ: ಸಂಜೆಯ ವೇಳೆಗೆ ಘಟ್ಟದ ಬಳಿ ತಲುಪಿದರೆ ಏನು ಮಾಡಬೇಕು?
ಉತ್ತರ: ಆ ದಿನ ಘಟ್ಟ ಇಳಿಯದೆ ಮೇಲಿನ ಊರಿನಲ್ಲಿಯೇ ತಂಗುವುದು. ಈ ಕಾರಣಕ್ಕಾಗಿ ಪ್ರವಾಸದ ಯೋಜನೆಯಲ್ಲಿ ಒಂದು ದಿನವನ್ನು ಹೆಚ್ಚುವರಿಯಾಗಿ ಇರಿಸಿಕೊಳ್ಳತಕ್ಕದ್ದು. ಮರುದಿನ ಕಚೇರಿಗೆ ಹಾಜರಾಗಲೇಬೇಕೆಂಬ ಆತುರದಲ್ಲಿ ರಾತ್ರಿ ಪ್ರಯಾಣ ಕೈಗೊಳ್ಳದಿರಲು ಇದು ನೆರವಾಗುತ್ತದೆ.

ಪ್ರವಾಸದ ಮಾರ್ಗ, ತಂಗುವ ಸ್ಥಳ ಹಾಗೂ ಹಿಂತಿರುಗುವ ದಿನವನ್ನು ಬರೆದು ಮನೆಯಲ್ಲಿ ಕೊಟ್ಟು ಹೊರಡಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.