ಶ್ರೀಪಾದದ ಮೆಟ್ಟಿಲುಗಳ ಮೇಲೆ

ಸಿಂಹಳ ದ್ವೀಪವೆಂದೊಡನೆ ನಮ್ಮವರಿಗೆ ನೆನಪಾಗುವುದು ರಾವಣನ ಲಂಕೆ. ಆದರೆ ಆ ದ್ವೀಪದ ನಡುಭಾಗವೆಲ್ಲ ಮುಗಿಲು ಮುಟ್ಟುವ ಬೆಟ್ಟಗಳೆಂಬುದು ಕಣ್ಣಾರೆ ಕಂಡ ಮೇಲೆಯೇ ಮನಸ್ಸಿಗೆ ನಾಟುವುದು. ಅಲ್ಲಿಯ 2,243 ಮೀಟರ್ ಎತ್ತರದ ಶ್ರೀಪಾದ ಶಿಖರವನ್ನು ಹತ್ತಲು 2024ರ ಜನವರಿಯಲ್ಲಿ ನಾವು ತಾಯಿಯವರೊಡನೆ ಮುಂಬಯಿಯಿಂದ ಹೊರಟೆವು.

ಶಿಖರದ ಮೇಲಿನ ಬಂಡೆಯಲ್ಲಿ ಪಾದದ ಗುರುತೊಂದಿದೆ. ಬೌದ್ಧರಿಗೆ ಅದು ಬುದ್ಧನ ಪಾದ, ಹಿಂದೂಗಳಿಗೆ ಶಿವನದು, ಮುಸಲ್ಮಾನರಿಗೆ ಆದಮನದು. ಯಾತ್ರೆಯ ಕಾಲ ಡಿಸೆಂಬರ್ ಹುಣ್ಣಿಮೆಯಿಂದ ಮೇ ಹುಣ್ಣಿಮೆಯವರೆಗೆ. ಕೊಲಂಬೊದಿಂದ ಹ್ಯಾಟನ್‌ವರೆಗೆ ರೈಲು. ಮುಂದೆ ಚಹಾ ತೋಟಗಳ ನಡುವೆ ಬಸ್ಸಿನಲ್ಲಿ ನಲ್ಲತಣ್ಣಿ. ಅಲ್ಲಿಂದ 5,000ಕ್ಕೂ ಹೆಚ್ಚು ಮೆಟ್ಟಿಲುಗಳು!

ರಾತ್ರಿ ಎರಡು ಗಂಟೆಗೆ ಹತ್ತತೊಡಗಿದೆವು. ಸೂರ್ಯೋದಯದಲ್ಲಿ ಶಿಖರದ ನೆರಳು ಪಶ್ಚಿಮದ ಮಂಜಿನ ಮೇಲೆ ತ್ರಿಕೋನಾಕಾರವಾಗಿ ಬೀಳುವುದನ್ನು ನೋಡಬೇಕೆಂಬುದು ನಮ್ಮ ಹಂಬಲ. ಅರ್ಧ ದಾರಿಯಲ್ಲಿ ತಾಯಿಯವರ ಮೊಣಕಾಲು ನೋಯತೊಡಗಿತು. "ನೀನು ಹೋಗಪ್ಪಾ, ನಾನು ಇಲ್ಲೇ ಕೂತಿರ್ತೀನಿ" ಎಂದು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತರು. ನಾವು ಹೊರಟೇಬಿಟ್ಟೆವು, ನಮ್ಮ ಆಸೆಯೇ ನಮಗೆ ದೊಡ್ಡದಾಯಿತು.

ಇಳಿದು ಬರುವವರು ಹತ್ತುವವರಿಗೆ "ಕರುಣಾವಯಿ" ಎಂದು ಹೇಳುವುದು ಅಲ್ಲಿಯ ವಾಡಿಕೆ. ಭಾಷೆ ಬಾರದಿದ್ದರೂ 'ಕರುಣೆ' ಎಂಬ ಮಾತು ಕನ್ನಡಿಗನಿಗೆ ತಿಳಿಯದಿದ್ದೀತೆ? ಮುದುಕಿಯೊಬ್ಬಳು ನಮ್ಮನ್ನು ನೋಡಿ ಆ ಮಾತನ್ನಾಡಿದಾಗ ಎದೆ ಚುರ್ರೆಂದಿತು. ಸುಮಾರು ಇನ್ನೂರು ಮೆಟ್ಟಿಲು ಹತ್ತಿದ್ದೆವು, ಹಿಂದಿರುಗಿ ಇಳಿದೆವು.

ಬೆಂಚು ಬರಿದಾಗಿತ್ತು! ಗಾಬರಿಯಿಂದ ಸುತ್ತ ಹುಡುಕಿದಾಗ ಅಂಗಡಿಯಾತ ನಗುತ್ತ ಮೇಲಕ್ಕೆ ಕೈ ತೋರಿಸಿದ. ಮತ್ತೆ ಓಡುತ್ತ ಹತ್ತಿದರೆ, ತಿರುವಿನಲ್ಲಿ ನಾಲ್ವರು ಸಿಂಹಳ ಹೆಂಗಸರ ನಡುವೆ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಏರುತ್ತಿದ್ದಾರೆ ನಮ್ಮ ತಾಯಿ! ಗುಂಪಿನಲ್ಲಿ ನಮಗೆ ಕಾಣಿಸಿರಲಿಲ್ಲ, ಅಷ್ಟೆ. "ಇವರು ಕೈ ಕೊಟ್ಟರು, ಎದ್ದೆ" ಎಂದರು.

ದಾರಿಯಲ್ಲೇ ಬೆಳಗಾಯಿತು. ನೆರಳು ನೋಡಲು ಸಿಗಲಿಲ್ಲ. ಎಂಟು ಗಂಟೆಗೆ ಶಿಖರ ಸೇರಿದೆವು. ಎಷ್ಟು ಸಲ ಹತ್ತಿದ್ದೀರೋ ಅಷ್ಟು ಸಲ ಅಲ್ಲಿಯ ಗಂಟೆ ಬಾರಿಸಬೇಕೆಂಬ ಪದ್ಧತಿಯಿದೆ. ತಾಯಿಯವರು ಒಮ್ಮೆ ಬಾರಿಸಿದರು. ನಾವು ಆ ಇನ್ನೂರು ಮೆಟ್ಟಿಲುಗಳನ್ನು ಎರಡು ಸಲ ಹತ್ತಿದವರು; ಆದರೂ ಒಂದೇ ಸಲ ಬಾರಿಸಿದೆವು.

ಹೋಗಬಯಸುವ ಬಂಧುಗಳಲ್ಲಿ ವಿನಂತಿ: ಹುಣ್ಣಿಮೆಯ ದಿನ ಜನಸಂದಣಿ ವಿಪರೀತ, ಅದನ್ನು ತಪ್ಪಿಸಿರಿ, ಶಿಖರದ ಗಾಳಿಗೆ ಉಣ್ಣೆಯ ಬಟ್ಟೆ ಮರೆಯದಿರಿ, ಜೊತೆಯವರನ್ನು ಹಿಂದೆ ಬಿಟ್ಟು ಹತ್ತದಿರಿ.