ನಡುವೆ ಬಿದ್ದ ಐದು ಎಲೆಗಳು

ಜೂನ್ ಒಂದನೆಯ ದಿನದಿಂದ ಜುಲೈ ಕೊನೆಯವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗೆ ಇಳಿಯಕೂಡದು. ಆ ೬೧ ದಿನಗಳಲ್ಲಿ ಕಾರವಾರದ ಬೈತಖೋಲಕ್ಕಾಗಲಿ ಅಂಕೋಲೆಯ ಬೇಲೇಕೇರಿಗಾಗಲಿ ಹೋದವರಿಗೆ ಎರಡು ದೃಶ್ಯಗಳು ತಪ್ಪದೆ ಕಾಣುವುವು. ಜಗಲಿಯ ಒಂದು ಬದಿಯಲ್ಲಿ ಹರಿದ ಬಲೆಯನ್ನು ಸರಿಪಡಿಸುತ್ತಿರುವವರು. ಇನ್ನೊಂದು ಬದಿಯಲ್ಲಿ ಇಸ್ಪೀಟು ಹಾಕುತ್ತಿರುವವರು. ಹೊರಗೆ ಮಳೆ ಧೋ ಎಂದು ಸುರಿಯುತ್ತಿರುವಾಗ ಇದರಲ್ಲಿ ತಪ್ಪು ಹುಡುಕಲು ನಮಗೆ ಮನಸ್ಸಿಲ್ಲ.

ಆದರೆ ಇಂಥದೇ ಒಂದು ಮಳೆಗಾಲದಲ್ಲಿ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಪಾಠ ಮುಗಿದ ಮೇಲೆ ಬಳಿಗೆ ಬಂದು, "ಸರ್, ಏಳು ಸಲ ಒಂದೇ ಸಮನೆ ಒಳಗೆ ಬಿದ್ದರೆ ಎಂಟನೆಯ ಸಲ ಹೊರಗೆ ಬೀಳಲೇಬೇಕಲ್ಲವೆ?" ಎಂದು ಕೇಳಿದನು. ಪರೀಕ್ಷೆಯ ಶುಲ್ಕಕ್ಕೆಂದು ಮನೆಯವರು ಕೊಟ್ಟಿದ್ದ ಹಣ ಆ ಎಂಟನೆಯ ಸಲಕ್ಕೆ ಹೋಗಿತ್ತೆಂಬುದು ಮಾತಾಡುತ್ತ ತಿಳಿಯಿತು. ಅಷ್ಟಕ್ಕೇ ಅವನು ನಿಲ್ಲಲಿಲ್ಲ. "ಅಂದರ್-ಬಾಹರ್ ಬರಿಯ ಅದೃಷ್ಟದ್ದು. ಪೋಕರ್ ಬುದ್ಧಿಯ ಆಟವಂತೆ. ಅದನ್ನು ಕಲಿತರೆ ಕಳೆದದ್ದು ಬಂದೀತೆ?" ಎಂದನು. ಈ ಎರಡು ಪ್ರಶ್ನೆಗಳಿಗೂ ಲೆಕ್ಕದಿಂದಲೇ ಉತ್ತರ ಕೊಡಬಹುದಾದ್ದರಿಂದ ಅವನನ್ನು ಗದರಿಸದೆ ಕೂರಿಸಿಕೊಂಡೆವು.

ಮೊದಲು ಅಂದರ್-ಬಾಹರ್. ಇದು ಕನ್ನಡ ನಾಡಿನಲ್ಲೇ ಹುಟ್ಟಿದ ಆಟವೆಂದು ಹೇಳುವವರುಂಟು. ಐವತ್ತೆರಡು ಎಲೆಗಳ ಕಟ್ಟನ್ನು ಕಲಸಿ ಒಂದು ಎಲೆಯನ್ನು ಎಲ್ಲರಿಗೂ ಕಾಣುವಂತೆ ನಡುವೆ ತೆರೆದಿಡುತ್ತಾರೆ. ಅದು ಒಂಬತ್ತು ಎಂದು ಭಾವಿಸೋಣ. ಬಳಿಕ ಒಂದು ಎಲೆ ಒಳಗೆ, ಒಂದು ಎಲೆ ಹೊರಗೆ, ಹೀಗೆ ಎರಡು ಮಗ್ಗುಲಿಗೂ ಸರದಿಯಂತೆ ಹಾಕುತ್ತ ಹೋಗುತ್ತಾರೆ. ಇನ್ನೊಂದು ಒಂಬತ್ತು ಯಾವ ಮಗ್ಗುಲಿಗೆ ಮೊದಲು ಬೀಳುವುದೋ ಆ ಮಗ್ಗುಲಿಗೆ ಪಣ ಕಟ್ಟಿದವರು ಗೆದ್ದರು. ಮೊದಲನೆಯ ಎಲೆಯನ್ನು ಯಾವ ಕಡೆಗೆ ಹಾಕಬೇಕೆಂಬ ಪದ್ಧತಿ ಊರಿನಿಂದ ಊರಿಗೆ ಬೇರೆ. ನಾವು ಒಳಗೆ ಎಂದು ಇಟ್ಟುಕೊಳ್ಳುವ.

ಉಳಿದ ೫೧ ಎಲೆಗಳಲ್ಲಿ ಒಂಬತ್ತು ಇರುವುದು ಮೂರು. ಈ ಮೂರು ಎಲೆಗಳು ೫೧ ಸ್ಥಾನಗಳಲ್ಲಿ ೨೦,೮೨೫ ರೀತಿಗಳಲ್ಲಿ ಕೂರಬಲ್ಲವು. ಅವುಗಳ ಪೈಕಿ ಮೊದಲ ಒಂಬತ್ತು ಬೆಸ ಸ್ಥಾನದಲ್ಲಿ, ಎಂದರೆ ಒಳಗೆ, ಬೀಳುವ ರೀತಿಗಳು ೧೦,೭೨೫. ಸಮ ಸ್ಥಾನದಲ್ಲಿ ಬೀಳುವವು ೧೦,೧೦೦. ನೂರಕ್ಕೆ ೫೧.೫ ಒಳಗೆ, ೪೮.೫ ಹೊರಗೆ. ಪ್ರತಿ ಜೊತೆಯಲ್ಲಿಯೂ ಒಳಗಿನ ಮಗ್ಗುಲಿಗೆ ಒಂದು ಅವಕಾಶ ಮುಂಚಿತವಾಗಿ ದೊರೆಯುವುದೇ ಈ ವ್ಯತ್ಯಾಸಕ್ಕೆ ಕಾರಣ. ಇದನ್ನು ಅರಿತ ಚಾಣಾಕ್ಷನು ಯಾವಾಗಲೂ ಒಳಗೆ ಕಟ್ಟಿಯಾನು ಎಂದು ತೋರಬಹುದು. ಆಟ ನಡೆಸುವವನಿಗೂ ಇಷ್ಟು ಲೆಕ್ಕ ಬರುತ್ತದೆ. ಒಳಗೆ ಗೆದ್ದವನಿಗೆ ನೂರಕ್ಕೆ ತೊಂಬತ್ತನ್ನೇ ಕೊಡುವ ರೂಢಿ ಇರುವುದು ಅದಕ್ಕಾಗಿ. ಆಗ ಒಳಗೆ ಕಟ್ಟುವವನು ಸರಾಸರಿ ನೂರು ರೂಪಾಯಿಗೆ ೨ ರೂಪಾಯಿ ೧೫ ಪೈಸೆ ಕಳೆದುಕೊಳ್ಳುತ್ತಾನೆ. ಹೊರಗೆ ಕಟ್ಟುವವನು ೩ ರೂಪಾಯಿ. ಮೂರನೆಯ ಮಗ್ಗುಲು ಇಲ್ಲ.

ಏಳು ಸಲ ಒಳಗೆ ಬಿದ್ದ ಸಂಗತಿ ಏನಾಯಿತು? ಕಾರವಾರ ತಾಲೂಕಿನ ಕೈಗಾದಲ್ಲಿ ಪರಮಾಣು ವಿದ್ಯುದಾಗಾರವಿರುವುದರಿಂದ ನಮ್ಮ ಹುಡುಗರಿಗೆ ವಿಕಿರಣದ ಉದಾಹರಣೆ ಬೇಗ ಹಿಡಿಸುತ್ತದೆ. ಅಯೋಡಿನ್-೧೩೧ರ ಅರ್ಧಾಯು ಸುಮಾರು ಎಂಟು ದಿನ. ಎಂಟು ದಿನ ಒಡೆಯದೆ ಉಳಿದ ಬೀಜಕಣವೊಂದು ಮುಂದಿನ ಎಂಟು ದಿನಗಳಲ್ಲಿ ಒಡೆಯುವ ಸಂಭಾವ್ಯತೆ ಮತ್ತೆ ಅರ್ಧವೇ. ತಾನು ಇಷ್ಟು ಕಾಲ ಬದುಕಿದೆನೆಂಬ ನೆನಪು ಅದಕ್ಕಿಲ್ಲ. ಪ್ರತಿ ಆಟಕ್ಕೂ ಹೊಸದಾಗಿ ಕಲಸಿದ ಇಸ್ಪೀಟು ಕಟ್ಟಿಗೂ ಹಿಂದಿನ ಆಟದ ನೆನಪು ಇರಲಾರದು. ಎಂಟನೆಯ ಸಲವೂ ನೂರಕ್ಕೆ ೫೧.೫ ಒಳಗೆ. ಹುಡುಗನು ಕಡಮೆ ಸಂಭಾವ್ಯತೆಯ ಕಡೆಗೇ ಹಣ ಹಾಕಿದ್ದನು.

ಆದರೆ ಒಂದೇ ಆಟದ ಒಳಗೆ ನೋಡಿದರೆ ಎಲೆಗಳಿಗೆ ನೆನಪುಂಟು. ನಮ್ಮ ಕಣ್ಣೆದುರು ಬಿದ್ದ ಎಲೆ ಕಟ್ಟಿನಲ್ಲಿ ಇನ್ನಿಲ್ಲವಷ್ಟೆ. ಅಂದರ್-ಬಾಹರಿನಲ್ಲಿ ಪಣ ಕಟ್ಟಿದ ಮೇಲೆ ಎಲೆಗಳು ಬೀಳುವುದರಿಂದ ಈ ತಿಳಿವಳಿಕೆಯಿಂದ ಯಾವ ಪ್ರಯೋಜನವೂ ಇಲ್ಲ. ಎಲೆಗಳು ಸ್ವಲ್ಪ ಸ್ವಲ್ಪವಾಗಿ ತೆರೆಯುತ್ತ ಹೋಗಿ, ಪ್ರತಿ ಹಂತದಲ್ಲಿಯೂ ಮುಂದುವರಿಯಬೇಕೆ ಬಿಡಬೇಕೆ ಎಂದು ಕೇಳಿದರೆ ಹೇಗಾದೀತು? ಟೆಕ್ಸಸ್ ಹೋಲ್ಡೆಮ್ ಎಂಬ ಪೋಕರ್ ಆಟ ನಿಂತಿರುವುದು ಈ ಏರ್ಪಾಡಿನ ಮೇಲೆ. ಅಮೆರಿಕೆಯ ಟೆಕ್ಸಸ್ ಪ್ರಾಂತದ ಈ ಆಟ ಬಳಿಕ ಲಾಸ್ ವೇಗಾಸಿಗೆ ಹೋಯಿತು. ಅಲ್ಲಿ ೧೯೭೦ರಲ್ಲಿ ಆರಂಭವಾದ ವಾರ್ಷಿಕ ಪಂದ್ಯಾವಳಿಯಿಂದ ಲೋಕಪ್ರಸಿದ್ಧವಾಯಿತು.

ಆಡುವ ಕ್ರಮ ಹೀಗೆ. ಹಣದ ಬದಲು ಪ್ರತಿಯೊಬ್ಬನ ಮುಂದೆ ನೂರು ಹುಣಸೆಬೀಜಗಳಿರಲಿ. ಹಂಚುವವನ ಎಡಗಡೆಯ ಇಬ್ಬರು ಎಲೆ ನೋಡುವುದಕ್ಕೆ ಮುಂಚೆಯೇ ಒಂದು ಬೀಜ, ಎರಡು ಬೀಜ ನಡುವೆ ಇಡಬೇಕು. ಇಲ್ಲವಾದರೆ ಒಳ್ಳೆಯ ಎಲೆ ಬರುವವರೆಗೆ ಎಲ್ಲರೂ ಸುಮ್ಮನೆ ಕಾಯುತ್ತ ಕುಳಿತಾರು. ಬಳಿಕ ಪ್ರತಿಯೊಬ್ಬನಿಗೂ ಎರಡು ಎಲೆ ಗುಪ್ತವಾಗಿ. ಈ ಎರಡೂ ಒಂದೇ ಅಂಕೆಯವಾಗಿ ಜೋಡಿ ಬರುವ ಸಂಭಾವ್ಯತೆ ೧೭ರಲ್ಲಿ ೧. ಅಂದರ್-ಬಾಹರಿನಲ್ಲಿ ಮೊದಲನೆಯ ಎಲೆಗೇ ಆಟ ಮುಗಿಯುವ ಸಂಭಾವ್ಯತೆಯೂ ಇದೇ ಎಂಬುದನ್ನು ವಾಚಕರು ತಾವೇ ತಾಳೆ ನೋಡಬಹುದು.

ಈಗ ಸರದಿಯಂತೆ ಪಣ. ಇತರರು ಇಟ್ಟಷ್ಟು ತಾನೂ ಇಡಬಹುದು, ಹೆಚ್ಚಿಸಬಹುದು, ಅಥವಾ ಎಲೆ ಕೆಳಗಿಟ್ಟು ಪ್ಯಾಕ್ ಆಗಬಹುದು. ಅದಾದ ಮೇಲೆ ನಡುವೆ ಮೂರು ಎಲೆಗಳನ್ನು ಒಟ್ಟಿಗೆ ತೆರೆಯುತ್ತಾರೆ, ಮತ್ತೆ ಪಣ. ನಾಲ್ಕನೆಯ ಎಲೆ, ಮತ್ತೆ ಪಣ. ಐದನೆಯ ಎಲೆ, ಕೊನೆಯ ಪಣ. ನಡುವಿನ ಐದು ಎಲೆಗಳು ಎಲ್ಲರ ಸೊತ್ತು. ಅವನ್ನೂ ತನ್ನ ಎರಡನ್ನೂ ಸೇರಿಸಿ ಏಳರಲ್ಲಿ ಅತ್ಯುತ್ತಮವಾದ ಐದನ್ನು ಯಾರು ಮಾಡಬಲ್ಲರೋ ಅವರು ಗೆದ್ದರು. ಉಳಿದವರೆಲ್ಲ ಪ್ಯಾಕ್ ಆದರೆ ಎಲೆ ತೋರಿಸುವ ಅಗತ್ಯವೂ ಇಲ್ಲ. ಕೆಟ್ಟ ಎಲೆ ಹಿಡಿದವನೂ ಧೈರ್ಯದಿಂದ ಹೆದರಿಸಿ ಗೆಲ್ಲುವುದು ಹೀಗೆ.

ಉತ್ತಮ ಯಾವುದೆಂಬುದನ್ನು ಗಣಿತವೇ ನಿರ್ಣಯಿಸಿದೆ. ೫೨ರಲ್ಲಿ ಐದು ಎಲೆಗಳನ್ನು ಆರಿಸುವ ರೀತಿಗಳು ೨೫,೯೮,೯೬೦. ಇವುಗಳಲ್ಲಿ ಒಂದು ಜೋಡಿ ಇರುವವು ೧೦,೯೮,೨೪೦. ಎರಡು ಜೋಡಿ ೧,೨೩,೫೫೨. ಒಂದೇ ಅಂಕೆಯ ಮೂರು ೫೪,೯೧೨. ಐದೂ ಅನುಕ್ರಮವಾಗಿ ಬರುವ ಸಾಲು ೧೦,೨೦೦. ಐದೂ ಒಂದೇ ಜಾತಿಯವು ೫,೧೦೮. ಒಂದೇ ಅಂಕೆಯ ಮೂರರ ಜೊತೆಗೆ ಒಂದು ಜೋಡಿ ೩,೭೪೪. ಒಂದೇ ಅಂಕೆಯ ನಾಲ್ಕು ೬೨೪. ಒಂದೇ ಜಾತಿಯ ಸಾಲು ಕೇವಲ ೪೦. ಅಪರೂಪವಾದದ್ದು ಮೇಲು. ಒಂದು ವಿನೋದವನ್ನು ಇಲ್ಲಿ ಹೇಳಬೇಕು. ಈ ತಾರತಮ್ಯ ಐದು ಎಲೆಗಳಿಗಾಗಿ ಆದದ್ದು. ಏಳು ಎಲೆಗಳಿಂದ ಆರಿಸುವಾಗ ಏನೂ ಕೂಡದೆ ಹೋಗುವುದು ನೂರಕ್ಕೆ ೧೭.೪ ಮಾತ್ರ, ಒಂದು ಜೋಡಿ ೪೩.೮, ಎರಡು ಜೋಡಿ ೨೩.೫. ಏನೂ ಇಲ್ಲದಿರುವುದೇ ಜೋಡಿಗಿಂತ ಅಪರೂಪ! ಆದರೂ ಅದಕ್ಕೆ ಕೊನೆಯ ಸ್ಥಾನವೇ.

ಒಂದು ಆಟವನ್ನು ಹಿಡಿದು ನೋಡೋಣ. ನಮ್ಮ ಕೈಯಲ್ಲಿ ಆಟೀನು ಎಕ್ಕ ಮತ್ತು ಆಟೀನು ಏಳು. (ಕಾರವಾರದ ಕಡೆ ಆಟೀನನ್ನು ಬದಾಮ ಎನ್ನುವವರೂ ಉಂಟು.) ನಡುವೆ ಆಟೀನು ರಾಜ, ಆಟೀನು ನಾಲ್ಕು, ಇಸ್ಪೀಟು ಒಂಬತ್ತು, ನಾಲ್ಕನೆಯದಾಗಿ ಕಳಾವರ್ ಎರಡು. ನಮಗೆ ನಾಲ್ಕು ಆಟೀನುಗಳಾಗಿವೆ; ಐದನೆಯದು ಬಂದರೆ ಬಹುಮಟ್ಟಿಗೆ ಗೆದ್ದಂತೆ, ಬರದಿದ್ದರೆ ಸೋತಂತೆ. ನಾವು ಕಂಡ ಎಲೆಗಳು ಆರು, ಕಾಣದವು ೪೬. ಆಟೀನು ಹದಿಮೂರರಲ್ಲಿ ನಾಲ್ಕು ಕಂಡಿವೆ, ಒಂಬತ್ತು ಉಳಿದಿವೆ. ಸಂಭಾವ್ಯತೆ ೪೬ರಲ್ಲಿ ೯.

ಇಲ್ಲಿ ತರಗತಿಯಲ್ಲಿ ತಪ್ಪದೆ ಒಂದು ಆಕ್ಷೇಪಣೆ ಬರುತ್ತದೆ. ಆ ಒಂಬತ್ತರಲ್ಲಿ ಕೆಲವು ಎದುರಾಳಿಯ ಕೈಯಲ್ಲೇ ಇರಬಹುದಲ್ಲ? ಇರಬಹುದು. ಆದರೆ ಅವನ ಎರಡು ಎಲೆಗಳು ಯಾವುವೆಂದು ನಮಗೆ ತಿಳಿಯದು. ನಮ್ಮ ಮಟ್ಟಿಗೆ ಅವನ ಕೈಯ ಎಲೆಯೂ ಕಟ್ಟಿನ ಅಡಿಯ ಎಲೆಯೂ ಒಂದೇ ಬಗೆಯಲ್ಲಿ ಅಜ್ಞಾತ. ಆದಕಾರಣ ಮುಂದಿನ ಎಲೆ ಆ ೪೬ರಲ್ಲಿ ಯಾವುದಾದರೂ ಆಗಲು ಸಮಾನ ಅವಕಾಶವುಂಟು. ಸಂಭಾವ್ಯತೆ ಎಲೆಯಲ್ಲಿರುವ ಗುಣವಲ್ಲ, ಎಲೆಯ ಕುರಿತು ನಮಗಿರುವ ತಿಳಿವಳಿಕೆಯ ಅಳತೆ. ಅವನು ಜೋರಾಗಿ ಪಣ ಹೆಚ್ಚಿಸಿದರೆ ಆ ವರ್ತನೆಯೂ ಒಂದು ತಿಳಿವಳಿಕೆಯೇ. ನುರಿತ ಆಟಗಾರನು ಅದನ್ನೂ ಲೆಕ್ಕಕ್ಕೆ ಸೇರಿಸುತ್ತಾನೆ. ನಾವು ಅಷ್ಟು ದೂರ ಹೋಗುವುದು ಬೇಡ.

ನಡುವೆ ೮೦ ಬೀಜಗಳಿದ್ದು ಎದುರಾಳಿ ೨೦ ಸೇರಿಸಿದನೆನ್ನಿ. ಮುಂದುವರಿಯಲು ನಾವೂ ೨೦ ಇಡಬೇಕು. ಇಂಥ ಸಂದರ್ಭ ೪೬ ಸಲ ಬಂದರೆ ೯ ಸಲ ನೂರು ನೂರು ಬಂದು ೯೦೦ ಲಾಭ. ೩೭ ಸಲ ಇಪ್ಪತ್ತರಂತೆ ೭೪೦ ನಷ್ಟ. ಇಡುವುದೇ ಸರಿ. ಅವನು ೨೦ರ ಬದಲು ೫೦ ಇಟ್ಟಿದ್ದರೆ? ೯ ಸಲ ೧೩೦ರಂತೆ ೧,೧೭೦ ಬಂದೀತು. ೩೭ ಸಲ ೫೦ರಂತೆ ೧,೮೫೦ ಹೋದೀತು. ಪ್ಯಾಕ್ ಆಗತಕ್ಕದ್ದು. ಎಲೆ ಅದೇ, ಸಂಭಾವ್ಯತೆ ಅದೇ. ಬೆಲೆ ಬದಲಾದ್ದರಿಂದ ನಿರ್ಣಯ ಬದಲಾಯಿತು. ಅಂದರ್-ಬಾಹರಿನಲ್ಲಿ ಇಂತಹ ನಿರ್ಣಯಕ್ಕೆ ಎಡೆಯೇ ಇಲ್ಲ.

ಎಣಿಕೆಗೂ ಜೂಜಿಗೂ ಇರುವ ಈ ನಂಟು ನಮ್ಮ ಪೂರ್ವಿಕರಿಗೆ ಹೊಸದಾಗಿರಲಿಲ್ಲ. ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣ ರಾಜನು ತಾರೆಯ ಮರದ ಎಲೆ ಕಾಯಿಗಳ ಸಂಖ್ಯೆಯನ್ನು ರಥದಲ್ಲಿ ಕುಳಿತೇ ಹೇಳುತ್ತಾನೆ. ನಳನು ಇಳಿದು ಎಣಿಸಿ ನೋಡಿದಾಗ ಅದು ಸರಿಯಾಗಿರುತ್ತದೆ. ಈ ವಿದ್ಯೆಯನ್ನೂ ಪಗಡೆಯ ಮರ್ಮವಾದ ಅಕ್ಷಹೃದಯವನ್ನೂ ಅವನು ಅಶ್ವವಿದ್ಯೆಗೆ ಪ್ರತಿಯಾಗಿ ನಳನಿಗೆ ಕಲಿಸುತ್ತಾನೆ. ತಾರೆಯ ಕಾಯಿಯನ್ನೇ ದಾಳವಾಗಿ ಬಳಸುತ್ತಿದ್ದ ಕಾಲವದು. ಯೂರೋಪಿನಲ್ಲಿ ಪಾಸ್ಕಲ್ ಮತ್ತು ಫರ್ಮಾ ಜೂಜಿನ ಪ್ರಶ್ನೆಗಳ ಬಗ್ಗೆ ಪತ್ರ ಬರೆದುಕೊಂಡು ಸಂಭಾವ್ಯತೆಯ ಗಣಿತಕ್ಕೆ ತಳಹದಿ ಹಾಕಿದ್ದು ೧೬೫೪ರಲ್ಲಿ.

ಹಾಗಾದರೆ ಹುಡುಗನ ಎರಡನೆಯ ಪ್ರಶ್ನೆ: ಬುದ್ಧಿಯಿದ್ದರೆ ಹಣ ಬಂದೀತೆ? ಇಬ್ಬರು ಆಡುತ್ತಾರೆಂದೂ ಪ್ರತಿ ಆಟಕ್ಕೆ ತಲಾ ಒಂದು ಬೀಜದ ಪಣವೆಂದೂ ಸರಳವಾಗಿ ಇಟ್ಟುಕೊಳ್ಳೋಣ. ಜಾಣನು ನೂರರಲ್ಲಿ ೫೨ ಗೆಲ್ಲಬಲ್ಲನು. ನೂರು ಆಟಗಳಾದ ಮೇಲೆ ಅವನ ನಿರೀಕ್ಷಿತ ಲಾಭ ೪ ಬೀಜ. ಅದೃಷ್ಟದ ಏರಿಳಿತವಾದರೋ ಆಟಗಳ ಸಂಖ್ಯೆಯ ವರ್ಗಮೂಲದಷ್ಟು, ಎಂದರೆ ೧೦ ಬೀಜ. ನೀರಿನಲ್ಲಿ ತೇಲುವ ಧೂಳಿನ ಕಣ ಬ್ರೌನಿಯನ್ ಚಲನೆಯಲ್ಲಿ ಸರಿಯುವ ದೂರವೂ ಕಾಲದ ವರ್ಗಮೂಲವನ್ನೇ ಅನುಸರಿಸುತ್ತದೆಂಬುದು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತು. ಹೀಗೆ ನೂರು ಆಟಗಳಲ್ಲಿ ಕೌಶಲವು ಅದೃಷ್ಟದ ಗದ್ದಲದಲ್ಲಿ ಮುಳುಗಿಯೇ ಹೋಗುತ್ತದೆ. ೨,೫೦೦ ಆಟಗಳಾದರೆ ಲಾಭ ೧೦೦, ಏರಿಳಿತ ೫೦. ಆಗ ಕೌಶಲ ಕಣ್ಣಿಗೆ ಬೀಳತೊಡಗುತ್ತದೆ.

ಆದರೆ ಆಟ ನಡೆಸುವವನು ಪುಕ್ಕಟೆ ನಡೆಸುತ್ತಾನೆಯೆ? ನಡುವೆ ಕೂಡಿದ ಎರಡು ಬೀಜಗಳಲ್ಲಿ ನೂರಕ್ಕೆ ಐದರಂತೆ ಅವನ ಪಾಲು ತೆಗೆದರೆ ಗೆದ್ದವನಿಗೆ ಒಂದರ ಬದಲು ೦.೯ ಬೀಜ ಲಾಭ. ಈಗ ನೂರು ಆಟಗಳಲ್ಲಿ ಜಾಣನಿಗೆ ಬರುವುದು ೪೬.೮, ಹೋಗುವುದು ೪೮. ಜಾಣನೂ ಸೋತ! ೨,೫೦೦ ಆಟಗಳ ಕೊನೆಗೆ ಅವನು ಸರಾಸರಿ ೩೦ ಬೀಜ, ಅವನ ಎದುರಾಳಿ ೨೨೦ ಬೀಜ ಕಳೆದುಕೊಂಡಿರುತ್ತಾರೆ. ಎಲೆ ಮುಟ್ಟದೆ ಕುಳಿತವನ ಬಳಿ ೨೫೦ ಸೇರಿರುತ್ತವೆ. ಈ ಪಾಲನ್ನೂ ಮೀರಿ ಲಾಭ ಮಾಡುವವರು ಇಲ್ಲವೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಎದುರಾಳಿಗಿಂತ ಜಾಣನಾದರೆ ಸಾಲದು, ಎಷ್ಟು ಹೆಚ್ಚು ಜಾಣನೆಂಬುದು ಮುಖ್ಯ.

ನ್ಯಾಯಾಲಯಗಳೂ ಕೌಶಲ-ಅದೃಷ್ಟಗಳ ಈ ಗೆರೆಯನ್ನು ಹುಡುಕುತ್ತ ಬಂದಿವೆ. ೧೯೬೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕಾದ್ದರಿಂದ ಅದು ಪ್ರಧಾನವಾಗಿ ಕೌಶಲದ ಆಟವೆಂದಿತು. ೨೦೧೩ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲವೆಂದಿತು. ೨೦೧೭ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯವು ಅದನ್ನು ಜೂಜೆಂದೇ ಬಗೆಯಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು, ಅಂತರ್ಜಾಲದಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ಅವು ಯಾವ ಬಗೆಯವೇ ಆಗಿರಲಿ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು.

ಹುಡುಗನು ೪೬.೮ನ್ನೂ ೪೮ನ್ನೂ ತಾನೇ ಬರೆದು ಕಳೆದು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದನು. ಆಮೇಲೆ ಹುಣಸೆಬೀಜದ ಆಟಕ್ಕೆ ಮಾತ್ರ ಅಡ್ಡಿಯಿಲ್ಲವಲ್ಲ ಎಂದು ಕೇಳಿದನು. ಅಡ್ಡಿಯೇನೂ ಇಲ್ಲ. ಓಮಾಹಾ ಎಂಬ ಇನ್ನೊಂದು ಬಗೆಯನ್ನೂ ಅವನಿಗೆ ಹೇಳಿಕೊಟ್ಟೆವು. ಅದರಲ್ಲಿ ಕೈಗೆ ನಾಲ್ಕು ಎಲೆ. ಆದರೆ ಕೈಯಿಂದ ಸರಿಯಾಗಿ ಎರಡನ್ನೂ ನಡುವಿನಿಂದ ಸರಿಯಾಗಿ ಮೂರನ್ನೂ ತೆಗೆದುಕೊಳ್ಳಬೇಕು. ಹೋಲ್ಡೆಮಿನಲ್ಲಿ ಏಳರಿಂದ ಐದನ್ನು ೨೧ ರೀತಿಗಳಲ್ಲಿ ಆರಿಸಬಹುದಾದರೆ ಇಲ್ಲಿ ೬೦ ರೀತಿಗಳಲ್ಲಿ. ನಡುವೆ ನಾಲ್ಕು ಆಟೀನು ಬಿದ್ದಿವೆ, ಕೈಯಲ್ಲಿ ಆಟೀನು ಎಕ್ಕ ಒಂದೇ ಇದೆ. ಒಂದೇ ಜಾತಿಯ ಐದು ಆಯಿತೆ? ಹುಡುಗನು ಕೂಡಲೇ ಆಯಿತೆಂದನು. ಅರ್ಧ ನಿಮಿಷ ಬಿಟ್ಟು ಬೀಜಗಳನ್ನು ಹಿಂದಕ್ಕೆ ಎಳೆದುಕೊಂಡನು.