ಹಾವಿನ ಊಟ

ಶ್ರಾವಣ ಶುದ್ಧ ಪಂಚಮಿಯಂದು ಬೇಡಕಿಹಾಳದ ಸುತ್ತಿನ ಹಳ್ಳಿಗಳಲ್ಲಿ ಹುತ್ತಕ್ಕೆ ಹಾಲೆರೆಯುವ ಪದ್ಧತಿಯುಂಟು. ಹಾವು ನಿಜವಾಗಿ ಹಾಲು ಕುಡಿಯುವುದೇ? ಹಾವನ್ನು ಮನೆಯಲ್ಲಿ ಸಾಕುವವರ ಅನುಭವದಿಂದ ಉತ್ತರವನ್ನು ಪಡೆಯೋಣ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಭಾಗದಲ್ಲಿ ಕಾರ್ನ್ ಸ್ನೇಕ್, ಎಂದರೆ ಮೆಕ್ಕೆಜೋಳದ ಹಾವು, ಎಂಬ ವಿಷರಹಿತ ಹಾವುಂಟು. ಅನೇಕರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವರು. ಅದಕ್ಕೆ ಕೊಡುವುದು ಹಾಲನ್ನಲ್ಲ, ಇಲಿಯನ್ನು. ಹಿಮಗಟ್ಟಿಸಿಟ್ಟ ಸತ್ತ ಇಲಿಯನ್ನು ಕರಗಿಸಿ, ಬೆಚ್ಚಗೆ ಮಾಡಿ, ಚಿಮಟದಿಂದ ನೀಡುವರು. ಜೀವಂತ ಇಲಿಯಾದರೆ ಹಾವನ್ನೇ ಕಚ್ಚೀತು. ಇಲಿಯ ಗಾತ್ರವು ಹಾವಿನ ದೇಹದ ದಪ್ಪಕ್ಕೆ ಹೆಚ್ಚುಕಡಿಮೆ ಸಮನಾಗಿರಬೇಕು. ಮರಿಗೆ 5-7 ದಿನಗಳಿಗೊಮ್ಮೆ, ಬೆಳೆದ ಹಾವಿಗೆ 10-14 ದಿನಗಳಿಗೊಮ್ಮೆ ಊಟ.

ಇಷ್ಟು ಸ್ವಲ್ಪ ಹೇಗೆ ಸಾಕಾದೀತು? ಇಲಿಯು ತನ್ನ ಮೈಯನ್ನು ಸುಮಾರು 37 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕಾಪಾಡಿಕೊಳ್ಳಲು ಒಳಗೊಳಗೇ ಆಹಾರವನ್ನು ಉರಿಸುತ್ತಿರಬೇಕು. ಹಾವಾದರೋ ಶಾಖವನ್ನು ಬಿಸಿಲಿನಿಂದಲೂ ನೆಲದಿಂದಲೂ ಪಡೆಯುತ್ತದೆ. ಆದುದರಿಂದ ಅಷ್ಟೇ ತೂಕದ ಸಸ್ತನಿಗೆ ಬೇಕಾಗುವ ಶಕ್ತಿಯಲ್ಲಿ ಸುಮಾರು ಹತ್ತನೆಯ ಒಂದು ಪಾಲು ಅದಕ್ಕೆ ಸಾಕು.

ಈ ಮಿತವ್ಯಯಕ್ಕೆ ಒಂದು ಬೆಲೆಯೂ ಉಂಟು. ಉಷ್ಣತೆ 10 ಡಿಗ್ರಿ ಇಳಿದರೆ ಜೀರ್ಣಕ್ರಿಯೆಯಂತಹ ರಾಸಾಯನಿಕ ಕ್ರಿಯೆಗಳ ವೇಗ ಅರ್ಧಕ್ಕೂ ಕೆಳಗೆ ಕುಸಿಯಬಹುದು. ತಣ್ಣಗಾದ ಹಾವು ನುಂಗಿದ ಇಲಿಯನ್ನು ಅರಗಿಸಲಾರದೆ ಹೊರಹಾಕುವುದುಂಟು. ಅದಕ್ಕಾಗಿಯೇ ಸಾಕುವವರು ಪೆಟ್ಟಿಗೆಯ ಒಂದು ಬದಿಯನ್ನು ಸುಮಾರು 30 ಡಿಗ್ರಿಯಲ್ಲಿಟ್ಟು, ಇನ್ನೊಂದನ್ನು ತಂಪಾಗಿ ಬಿಡುವರು. ಊಟವಾದ ಮೇಲೆ ಎರಡು ದಿನ ಹಾವನ್ನು ಕೈಯಲ್ಲಿ ಹಿಡಿಯರು.

ಇನ್ನು ಹಾಲಿನ ಮಾತು. ಹಾಲು ಸಸ್ತನಿಗಳ ಮರಿಗಳಿಗೆ ಮೀಸಲಾದ ಆಹಾರ. ಮೊಟ್ಟೆಯೊಡೆದು ಬಂದ ಹಾವಿನ ಮರಿಗೆ ತಾಯಿಯ ಹಾಲೇ ಇಲ್ಲ. ಹಾವಾಡಿಗರ ಬುಟ್ಟಿಯಲ್ಲಿ ನೀರಿಲ್ಲದೆ ಬಳಲಿದ ಹಾವು ಹಾಲನ್ನು ಹೀರುವುದು ಬಾಯಾರಿಕೆಯಿಂದ, ಭಕ್ತಿಯಿಂದಲ್ಲ. ಅದು ಹಾವಿಗೆ ಅಪಾಯಕರವೂ ಹೌದು.

ನಮ್ಮ ಕಬ್ಬಿನ ಗದ್ದೆಗಳ ಕೇರೆಹಾವು ಅಮೆರಿಕದ ಆ ಹಾವಿನ ಕುಟುಂಬಕ್ಕೇ ಸೇರಿದ್ದು, ವಿಷವಿಲ್ಲದ್ದು. ಅದನ್ನು ಮನೆಯಲ್ಲಿ ಸಾಕುವುದನ್ನಾಗಲಿ ಕೊಲ್ಲುವುದನ್ನಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸುತ್ತದೆ. ಸಾಕುವ ಅಗತ್ಯವಾದರೂ ಏನು? ಕಬ್ಬಿನ ಬುಡವನ್ನು ಕಡಿಯುವ ಇಲಿಗಳನ್ನು ಅದು ಕೂಲಿಯಿಲ್ಲದೆ ತಿನ್ನುತ್ತಿದೆ. ಮುಂದಿನ ಪಂಚಮಿಗೆ ಹಾಲನ್ನು ಮಕ್ಕಳಿಗೆ ಕೊಟ್ಟು, ಗದ್ದೆಯಲ್ಲಿ ಕಂಡ ಕೇರೆಗೆ ದಾರಿ ಬಿಟ್ಟರೆ, ನಾಗಪೂಜೆ ಸಾರ್ಥಕವಾಯಿತೆಂದೇ ನಾವು ಭಾವಿಸುತ್ತೇವೆ.